ಸಿಂಹಾಸನವೂ ಮಹಿಮೆಯೂ: ಕ್ರೈಸ್ತ ಗ್ರಂಥದ ಒಂದು ಭಾವನೆಯ ಚರಿತ್ರೆ

ನವಂಬರ್ ತಿಂಗಳು ಬಂತೆಂದರೆ ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ರಾಜ್ಯೋತ್ಸವದ ಸಂಭ್ರಮ. ಅದೇ ತಿಂಗಳಿನಲ್ಲಿ ಕ್ರೈಸ್ತರ ಹಲವು ಸಭೆಗಳು ಮತ್ತೊಂದು ರಾಜ್ಯವನ್ನು ನೆನೆದು ಹಬ್ಬವನ್ನು ಆಚರಿಸುತ್ತವೆ. ಅದಕ್ಕೆ ಕ್ರಿಸ್ತರಾಜನ ಹಬ್ಬವೆಂದು ಹೆಸರು. ೧೯೨೫ರಲ್ಲಿ ಹನ್ನೊಂದನೆಯ ಪಿಯುಸ್ ಪೋಪರು ಸ್ಥಾಪಿಸಿದ ಈ ಹಬ್ಬವು ಮೊದಲು ಅಕ್ಟೋಬರಿನ ಕೊನೆಯ ಭಾನುವಾರ ನಡೆಯುತ್ತಿದ್ದಿತು. ೧೯೬೯ರ ಪಂಚಾಂಗ ಸುಧಾರಣೆಯ ತರುವಾಯ ನವಂಬರ್ ೨೦ರಿಂದ ೨೬ರೊಳಗೆ ಬೀಳುವ ಭಾನುವಾರಕ್ಕೆ ಬಂದಿತು. ಗಡಿಕಲ್ಲಿಲ್ಲದ, ದಂಡಿಲ್ಲದ, ಕಂದಾಯವಿಲ್ಲದ ಈ ರಾಜ್ಯವೆಂಥದು? ಅದರ ಒಡೆಯನ ಮಹಿಮೆಯೆಂದರೇನು? ಈ ಭಾವನೆಯ ಚರಿತ್ರೆಯನ್ನು ಸ್ಥೂಲವಾಗಿ ತಿಳಿಸುವುದೇ ಪ್ರಕೃತ ಲೇಖನದ ಉದ್ದೇಶ.

ರಾಜ್ಯೋತ್ಸವದ ಸಂಚಿಕೆಯಲ್ಲಿ ಇದೇಕೆ ಎಂದು ವಾಚಕರು ಕೇಳಿದರೆ ತಪ್ಪಲ್ಲ. ದೇವರೇ ಸರ್ವಕ್ಕೂ ಅರಸನೆಂಬ ಈ ಭಾವನೆಯು ತನ್ನ ಪೂರ್ಣವಾದ ಆಕಾರವನ್ನು ಪಡೆದದ್ದು ತಾಯ್ನಾಡನ್ನು ಬಿಟ್ಟು ಪರಸ್ಥಳದಲ್ಲಿ ಬಾಳಬೇಕಾಗಿ ಬಂದ ಜನರ ನಡುವೆ. ಅದು ಮುಂದೆ ಸಾಗಿದ್ದು ಒಂದು ನುಡಿಯಿಂದ ಮತ್ತೊಂದು ನುಡಿಗೆ ಇಳಿಯುತ್ತ. ಕೊನೆಗೆ ಅದು ಕನ್ನಡಕ್ಕೂ ಬಂದಿತು. ಆದಕಾರಣ ಕ್ರೈಸ್ತರಾಗಲಿ, ಅಲ್ಲದವರಾಗಲಿ, ನಮ್ಮಂಥವರು ತಿಳಿದಿರಬೇಕಾದ ಕಥೆ ಇದು.

೧

ಮೊದಲು ಮಾತಿನ ವಿಚಾರ. ಹಳೆಯ ಒಡಂಬಡಿಕೆಯ ಮೂಲಭಾಷೆಯಾದ ಹೀಬ್ರೂವಿನಲ್ಲಿ ಮಹಿಮೆಗೆ 'ಕಾವೋದ್' ಎಂಬ ಶಬ್ದವಿದೆ. ಅದರ ಧಾತುವಿಗೆ ಭಾರವಾಗಿರುವುದೆಂದು ಅರ್ಥ. ಸಂಪತ್ತು, ಸಂತಾನ, ಒಳ್ಳೆಯ ಹೆಸರು ಇದ್ದವನಿಗೆ ಕಾವೋದ್ ಇದೆ ಎನ್ನುತ್ತಿದ್ದರು. ಕನ್ನಡಿಗರಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. 'ತೂಕದ ಮನುಷ್ಯ' ಎಂದು ನಾವೂ ಹೇಳುತ್ತೇವೆ. ಗಟ್ಟಿಯಾದದ್ದನ್ನು ಸೂಚಿಸುವ 'ಘನ' ಶಬ್ದದಿಂದಲೇ ನಮ್ಮ 'ಘನತೆ' ಹುಟ್ಟಿದೆ. 'ಗುರು' ಎಂಬುದಕ್ಕೂ ಭಾರವುಳ್ಳದ್ದು ಎಂಬ ಅರ್ಥವುಂಟು.

ದೇವರ ವಿಷಯದಲ್ಲಿ ಈ ಶಬ್ದವನ್ನು ಬಳಸಿದಾಗ ಅದಕ್ಕೆ ಸಾನ್ನಿಧ್ಯವೆಂಬ ಅರ್ಥವೂ ಕೂಡಿತು. ಸೀನಾಯಿ ಬೆಟ್ಟದ ಮೇಲೆ ಮೇಘವಾಗಿಯೂ ದಹಿಸುವ ಬೆಂಕಿಯಾಗಿಯೂ ಕಂಡದ್ದು, ಅರಣ್ಯದಲ್ಲಿ ಗುಡಾರವನ್ನು ತುಂಬಿದ್ದು, ಸೊಲೊಮೋನನ ದೇವಾಲಯದ ಪ್ರತಿಷ್ಠೆಯ ದಿನ ಯಾಜಕರು ನಿಂತು ಸೇವೆ ಮಾಡಲಾರದಂತೆ ಕವಿದದ್ದು, ಇವೆಲ್ಲವೂ ಕಾವೋದ್. ಆದರೆ ಇದರಲ್ಲಿ ಒಂದು ಸೂಕ್ಷ್ಮವುಂಟು. ಮೋಶೆಯು ನಿನ್ನ ಮಹಿಮೆಯನ್ನು ತೋರಿಸೆಂದು ಬೇಡಿದಾಗ, ತನ್ನ ಒಳ್ಳೆಯತನವೆಲ್ಲ ಅವನೆದುರು ದಾಟಿಹೋಗುವುದೆಂದು ದೇವರು ಉತ್ತರವಿತ್ತನೆಂದೂ, ಬಂಡೆಯ ಸಂದಿನಲ್ಲಿ ನಿಂತ ಅವನಿಗೆ ಹಿಂಭಾಗವಷ್ಟೇ ಕಂಡಿತೆಂದೂ ವಿಮೋಚನಕಾಂಡವು ಹೇಳುತ್ತದೆ. ಕೇಳಿದ್ದು ಮಹಿಮೆ, ದೊರೆತ ಮಾತು ಒಳ್ಳೆಯತನದ್ದು. ಮುಂದಿನ ಕಥೆಗೆಲ್ಲ ಇದೇ ಬೀಜ.

೨

ಪ್ರಾಚೀನ ಪಶ್ಚಿಮ ಏಷ್ಯದಲ್ಲಿ ದೇವರನ್ನು ಅರಸನೆಂದು ಕರೆಯುವುದು ಎಲ್ಲೆಡೆಯೂ ಇದ್ದ ರೂಢಿ. ವಿಜಯನಗರದ ಅರಸರು ಶಾಸನಗಳ ಕೊನೆಗೆ ತಮ್ಮ ಹೆಸರಿನ ಬದಲು 'ಶ್ರೀ ವಿರೂಪಾಕ್ಷ' ಎಂದು ಕನ್ನಡ ಅಕ್ಷರಗಳಲ್ಲಿ ಒಪ್ಪ ಹಾಕುತ್ತಿದ್ದುದನ್ನು ಬಲ್ಲ ನಮಗೆ, ನಾಡು ದೇವರದು, ಅರಸ ಅದನ್ನು ನೋಡಿಕೊಳ್ಳುವವನು ಎಂಬ ಭಾವ ಹೊಸದಲ್ಲ. ಇಸ್ರಾಯೇಲ್ಯರ ಗ್ರಂಥದ ವಿಶೇಷವೇನೆಂದರೆ, ಆ ಭಾವವನ್ನು ಅದು ಅರಸರ ಹೆಗಲಿಗೆ ಶಾಲಾಗಿ ಹೊದಿಸದೆ ಅವರ ಕೈಗೆ ಕಟ್ಟಾಗಿ ಬಿಗಿದದ್ದು.

ಶತ್ರುಗಳನ್ನು ಗೆದ್ದುಬಂದ ಗಿದ್ಯೋನನಿಗೆ ಜನರು ರಾಜ್ಯವನ್ನು ಕೊಡಲು ಬಂದಾಗ ಆತನು ಒಪ್ಪಲಿಲ್ಲ. ನಿಮ್ಮನ್ನು ಆಳುವವನು ದೇವರೇ ಎಂದು ಹೇಳಿ ಕಳುಹಿಸಿದನು. ಮುಂದೆ ಸುತ್ತಲಿನ ಜನಾಂಗಗಳಂತೆ ನಮಗೂ ಅರಸನು ಬೇಕೆಂದು ಜನರು ಹಟ ಹಿಡಿದಾಗ, ವೃದ್ಧನಾದ ಸಮುವೇಲನು ಅರಸೊತ್ತಿಗೆಯ ಖರ್ಚನ್ನು ಮನೆಯ ಲೆಕ್ಕದಂತೆ ಬಿಡಿಸಿ ಹೇಳಿದನು: ಗಂಡುಮಕ್ಕಳು ರಥದ ಮುಂದೆ ಓಡುವರು, ಹೆಣ್ಣುಮಕ್ಕಳು ಅರಮನೆಯ ಅಡಿಗೆಗೆ ಹೋಗುವರು, ಒಳ್ಳೆಯ ಹೊಲ ತೋಟಗಳು ಅಧಿಕಾರಿಗಳ ಪಾಲಾಗುವುವು, ಬೆಳೆಯಲ್ಲಿ ಹತ್ತರಲ್ಲೊಂದು ಕೊಡಬೇಕಾಗುವುದು. ಜನರು ಕೇಳಲಿಲ್ಲ, ಅರಸರು ಬಂದರು.

ಬಂದ ಅರಸರಿಗೂ ಮೇಲೊಬ್ಬನಿದ್ದನು. ಅಹಾಬನ ಅರಮನೆಯ ಮಗ್ಗುಲಲ್ಲಿ ನಾಬೋತನೆಂಬವನ ದ್ರಾಕ್ಷಿತೋಟವಿತ್ತು. ಅಲ್ಲಿ ಕಾಯಿಪಲ್ಯ ಬೆಳೆಯಬೇಕೆಂದು ಅರಸನಿಗೆ ಆಸೆಯಾಯಿತು. ಪಿತ್ರಾರ್ಜಿತವನ್ನು ಮಾರುವುದಿಲ್ಲವೆಂದು ನಾಬೋತನು ಹೇಳಿದನು. ರಾಣಿ ಈಜೆಬೆಲಳು ಸುಳ್ಳು ಸಾಕ್ಷಿ ಹುಟ್ಟಿಸಿ ಅವನನ್ನು ಕಲ್ಲೆಸೆದು ಕೊಲ್ಲಿಸಿದಳು. ಅರಸನು ತೋಟವನ್ನು ವಶಪಡಿಸಿಕೊಳ್ಳಲು ಹೋದಾಗ ಎದುರಿಗೆ ನಿಂತವನು ಪ್ರವಾದಿ ಎಲೀಯನು. ಒಬ್ಬ ರೈತನ ತೋಟಕ್ಕಾಗಿ ಅರಸನನ್ನು ಕೊಲೆಗಾರನೆಂದು ಅವನ ಮುಖದೆದುರಿಗೆ ಹೇಳುವ ಧೈರ್ಯ ಎಲ್ಲಿಂದ ಬಂತು? ನೆಲದ ನಿಜವಾದ ಒಡೆಯನು ಬೇರೊಬ್ಬನಿದ್ದಾನೆಂಬ ನಂಬಿಕೆಯಿಂದ. ದೇವರ ರಾಜತ್ವವೆಂಬ ಮಾತಿನ ಹರಿತ ಇರುವುದು ಇಲ್ಲಿ.

ಕ್ರಿ. ಪೂ. ೭೪೦ರ ಸುಮಾರಿಗೆ ಉಜ್ಜೀಯನೆಂಬ ಅರಸನು ತೀರಿಕೊಂಡ ವರ್ಷ, ಯೆಶಾಯನು ದೇವಾಲಯದಲ್ಲಿ ಉನ್ನತವಾದ ಸಿಂಹಾಸನವನ್ನು ಕಂಡನು. ಆರಾರು ರೆಕ್ಕೆಯ ದೇವದೂತರು ಪರಿಶುದ್ಧನೆಂಬ ಪದವನ್ನು ಮೂರು ಬಾರಿ ಕೂಗಿ, ಭೂಮಿಯೆಲ್ಲ ಆತನ ಮಹಿಮೆಯಿಂದ ತುಂಬಿದೆಯೆಂದು ಸಾರುತ್ತಿದ್ದರಂತೆ. ಊರಿನ ಸಿಂಹಾಸನ ಬರಿದಾದಾಗ ಕಣ್ಣಿಗೆ ಬಿದ್ದ ಸಿಂಹಾಸನ ಅದು. ಆ ಕೂಗು ಮುಂದೆ ಕ್ರೈಸ್ತರ ಪ್ರಭುಭೋಜನದ ಪ್ರಾರ್ಥನೆಯಲ್ಲಿ ಸೇರಿ, ಇಂದಿಗೂ ಪೂರ್ವ ಪಶ್ಚಿಮಗಳ ಸಭೆಗಳಲ್ಲಿ ಹಾಡಲ್ಪಡುತ್ತಿದೆ.

೩

ಇನ್ನು ಕಥೆಯ ಮರ್ಮಸ್ಥಾನಕ್ಕೆ ಬರೋಣ. ಕ್ರಿ. ಪೂ. ೫೯೭ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮನ್ನು ವಶಪಡಿಸಿಕೊಂಡು ಅಲ್ಲಿನ ಅರಸನನ್ನೂ ಕುಶಲಕರ್ಮಿಗಳನ್ನೂ ಗಣ್ಯರನ್ನೂ ಸೆರೆಯೊಯ್ದನು. ಸುಮಾರು ಹತ್ತು ವರ್ಷಗಳ ತರುವಾಯ ದೇವಾಲಯವೇ ಸುಟ್ಟುಹೋಯಿತು. ಅಂದಿನ ತಿಳಿವಳಿಕೆಯಂತೆ ಇದರ ಅರ್ಥ ಸ್ಪಷ್ಟ: ದೇವಾಲಯ ಬಿದ್ದರೆ ದೇವರು ಸೋತ ಹಾಗೆ, ನಾಡು ಹೋದರೆ ಆ ನಾಡಿನ ದೇವರ ಆಳಿಕೆಯೂ ಮುಗಿದ ಹಾಗೆ. ಸೆರೆಯಾಳುಗಳು ಕಾಲುವೆಗಳ ದಡದಲ್ಲಿ ಕುಳಿತು ಅಳುತ್ತಿದ್ದುದನ್ನೂ, ಕಿನ್ನರಿಗಳನ್ನು ಮರಕ್ಕೆ ತೂಗುಹಾಕಿದುದನ್ನೂ, ನಿಮ್ಮೂರಿನ ಹಾಡೊಂದನ್ನು ಹಾಡಿರೆಂದು ಗೆದ್ದವರು ಹಾಸ್ಯಮಾಡಿದುದನ್ನೂ ೧೩೭ನೆಯ ಕೀರ್ತನೆಯು ನೆನೆಯುತ್ತದೆ. ಪರಸ್ಥಳದಲ್ಲಿ ನಮ್ಮ ಹಾಡನ್ನು ಹಾಡುವುದು ಹೇಗೆಂಬ ಅವರ ಸಂಕಟ ಎರಡೂವರೆ ಸಾವಿರ ವರ್ಷ ಹಳೆಯದಾದರೂ ಊರು ಬಿಟ್ಟವರಿಗೆ ಅರ್ಥವಾಗದ್ದಲ್ಲ. ಹೊಟ್ಟೆಪಾಡಿಗಾಗಿ ಬಂದ ನಾವೂ ಸೆರೆಯಾಳುಗಳಾಗಿ ಹೋದ ಅವರೂ ಒಂದೇ ಅಲ್ಲವೆಂಬುದು ನಿಜ. ಆದರೂ ಆ ಪ್ರಶ್ನೆಯ ಒಂದು ಎಳೆ ನಮ್ಮ ಮನೆಗಳಲ್ಲಿಯೂ ಉಂಟು.

ಸೆರೆಹೋದವರಲ್ಲಿ ಯೆಹೆಜ್ಕೇಲನೆಂಬ ಯಾಜಕನೊಬ್ಬನಿದ್ದನು. ದೇವಾಲಯವಿಲ್ಲದ ಊರಿನಲ್ಲಿ ಯಾಜಕನಿಗೆ ಕೆಲಸವೇನು? ಸೆರೆಯ ಐದನೆಯ ವರ್ಷ, ಬಾಬೆಲಿನ ಕೆಬಾರ್ ಕಾಲುವೆಯ ಬಳಿ, ಬಡಗಣಿಂದ ಬಿರುಗಾಳಿಯೊಡನೆ ಒಂದು ಸಿಂಹಾಸನ ಬರುವುದನ್ನು ಆತನು ಕಂಡನು. ನಾಲ್ಕು ಜೀವಿಗಳು, ಅವುಗಳ ಮಗ್ಗುಲಲ್ಲಿ ಚಕ್ರಗಳು, ಚಕ್ರದೊಳಗೆ ಚಕ್ರ. ಯಾವ ದಿಕ್ಕಿಗಾದರೂ ತಿರುಗದೆಯೇ ಸಾಗಬಲ್ಲ ಸಿಂಹಾಸನ. ಓದುವವರಿಗೆ ಗೊಂದಲವೆನಿಸುವ ಈ ವರ್ಣನೆಯ ತಾತ್ಪರ್ಯ ಬಹು ಸರಳ. ದೇವರ ಸಿಂಹಾಸನಕ್ಕೆ ಗಾಲಿಗಳುಂಟು. ಅದು ಒಂದೇ ಊರಿಗೆ ಮೊಳೆ ಹೊಡೆದು ನಿಲ್ಲಿಸಿದ್ದಲ್ಲ. ಮಹಿಮೆಯು ದೇವಾಲಯವನ್ನು ಬಿಟ್ಟು ಹೊರಟು ಊರ ಮೂಡಣ ಬೆಟ್ಟದ ಮೇಲೆ ನಿಂತುದನ್ನೂ ಅದೇ ಗ್ರಂಥ ಹೇಳುತ್ತದೆ. ಸೋತು ಓಡಿಹೋದದ್ದಲ್ಲ, ಅನ್ಯಾಯವನ್ನು ಸಹಿಸದೆ ಹೊರಟದ್ದು. ಜನರು ಹೋದಲ್ಲಿಗೆ ಬಂದದ್ದು.

ಇದೇ ಕಾಲದಲ್ಲಿ ಯೆರೆಮೀಯನು ಯೆರೂಸಲೇಮಿನಿಂದ ಸೆರೆಯವರಿಗೆ ಕಾಗದ ಬರೆದನು. ಮನೆ ಕಟ್ಟಿಕೊಳ್ಳಿರಿ, ತೋಟ ಹಾಕಿರಿ, ಮಕ್ಕಳಿಗೆ ಮದುವೆ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮವನ್ನು ಬಯಸಿ ಅದಕ್ಕಾಗಿ ಪ್ರಾರ್ಥಿಸಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎಂಬುದು ಕಾಗದದ ಸಾರ. ಶತ್ರುವಿನ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿರೆಂಬ ಮಾತು, ಆ ಪಟ್ಟಣವೂ ತಮ್ಮ ದೇವರ ಆಳಿಕೆಯೊಳಗೇ ಇದೆಯೆಂದು ನಂಬಿದವರಿಗೆ ಮಾತ್ರ ಸಾಧ್ಯ.

ಕ್ರಿ. ಪೂ. ೫೩೯ರಲ್ಲಿ ಪಾರಸಿಯ ಕೋರೆಷನು ಬಾಬೆಲನ್ನು ಗೆದ್ದನು. ಯೆಶಾಯನ ಗ್ರಂಥವು ಈ ಅನ್ಯಜನಾಂಗದ ಅರಸನನ್ನೇ ದೇವರ ಅಭಿಷಿಕ್ತನೆಂದು ಕರೆಯುತ್ತದೆ. ೧೮೭೯ರಲ್ಲಿ ಬಾಬಿಲೋನಿನ ಅವಶೇಷಗಳಲ್ಲಿ ದೊರೆತು, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಕೋರೆಷನ ಮಣ್ಣಿನ ಉರುಳೆಯ ಶಾಸನವಾದರೋ ತನ್ನ ಗೆಲುವನ್ನು ಮಾರ್ದುಕನೆಂಬ ಬಾಬೆಲಿನ ದೇವತೆಗೆ ಒಪ್ಪಿಸುತ್ತದೆ. ಅದೇ ಗೆಲುವನ್ನು ಅರಸನ ಬರಹಗಾರರು ಒಂದು ಬಗೆಯಾಗಿ ಓದಿದರು, ಸೆರೆಯಾಳುಗಳ ಪ್ರವಾದಿ ಮತ್ತೊಂದು ಬಗೆಯಾಗಿ ಓದಿದನು. ಒಂದು ಚಿಕ್ಕ ನಾಡಿನ ದೇವರೆನಿಸಿದ್ದವನು ಸರ್ವಲೋಕದ ಒಡೆಯನೆಂಬ ಮಾತು, ಆ ನಾಡೇ ಕೈತಪ್ಪಿದ ಕಾಲದಲ್ಲಿ ಇಷ್ಟು ಸ್ಪಷ್ಟವಾಗಿ ಹೊರಟದ್ದು ಆಶ್ಚರ್ಯವಲ್ಲವೇ?

೪

ಕೆಲವರು ಹಿಂದಿರುಗಿದರು, ಕ್ರಿ. ಪೂ. ೫೧೫ರ ಹೊತ್ತಿಗೆ ಎರಡನೆಯ ದೇವಾಲಯವೂ ಎದ್ದಿತು. ಆದರೆ ಅನೇಕರು ಹೊರನಾಡುಗಳಲ್ಲೇ ಉಳಿದರು. ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ನೆಲೆಸಿದ ಯೆಹೂದ್ಯರ ಮಕ್ಕಳು ಮೊಮ್ಮಕ್ಕಳಿಗೆ ಗ್ರೀಕೇ ಮನೆಮಾತಾಯಿತು; ಹೀಬ್ರೂ ತಿಳಿಯದಾಯಿತು. ಆಗ, ಕ್ರಿ. ಪೂ. ಮೂರನೆಯ ಶತಮಾನದಲ್ಲಿ, ಧರ್ಮಗ್ರಂಥವನ್ನು ಗ್ರೀಕಿಗೆ ಪರಿವರ್ತಿಸುವ ಕೆಲಸ ಮೊದಲಾಯಿತು. ಎಪ್ಪತ್ತೆರಡು ಮಂದಿ ಪಂಡಿತರು ಕೂಡಿ ಮಾಡಿದರೆಂಬ ಐತಿಹ್ಯದಿಂದ ಇದಕ್ಕೆ 'ಎಪ್ಪತ್ತರ ಭಾಷಾಂತರ' ಎಂಬ ಹೆಸರು ಬಂದಿದೆ.

ಭಾಷಾಂತರಕಾರರು ಕಾವೋದ್ ಶಬ್ದಕ್ಕೆ ಆರಿಸಿಕೊಂಡದ್ದು 'ದೋಕ್ಸ' ಎಂಬ ಗ್ರೀಕ್ ಮಾತನ್ನು. ಅದಕ್ಕೆ ಮೊದಲಿದ್ದ ಅರ್ಥ ಅಭಿಪ್ರಾಯ, ಜನರ ಬಾಯಲ್ಲಿರುವ ಹೆಸರು, ಇಷ್ಟೇ. ಅಭಿಪ್ರಾಯಕ್ಕೆ ತೂಕವೆಲ್ಲಿ? ಆದರೆ ಸಭೆಗಳಲ್ಲಿ ಓದಿ ಓದಿ, ಪ್ರಾರ್ಥಿಸಿ ಪ್ರಾರ್ಥಿಸಿ, ಆ ಹಗುರವಾದ ಮಾತಿನಲ್ಲಿ ಬೆಟ್ಟದ ಮೇಘವೂ ಬೆಂಕಿಯೂ ಬಂದು ತುಂಬಿಕೊಂಡವು. ಉಚ್ಚರಿಸಬಾರದೆಂದು ಬಿಟ್ಟಿದ್ದ ದೇವರ ನಾಮದ ಸ್ಥಳದಲ್ಲಿ ಒಡೆಯ ಎಂಬರ್ಥದ 'ಕೂರಿಯೊಸ್' ಶಬ್ದವನ್ನು ಓದುವ ವಾಡಿಕೆಯೂ ಬೆಳೆಯಿತು. ಮೂಲಭಾಷೆ ಮರೆತುಹೋಯಿತೆಂದು ಹಿರಿಯರು ಕೊರಗಿರಲೂಬಹುದು. ಆದರೆ ಹೊರನಾಡಿನವರ ಈ ಭಾಷಾಂತರವೇ ಮುಂದೆ ಕ್ರೈಸ್ತರ ಮೊದಲ ಬೈಬಲ್ ಆಯಿತು.

೫

ನಜರೇತಿನ ಯೇಸುವಿನ ಬೋಧನೆಯ ತಿರುಳೇ ದೇವರ ರಾಜ್ಯ. ಆದರೆ ಅದನ್ನು ವರ್ಣಿಸುವಾಗ ಆತನು ಕೋಟೆ ಕೊತ್ತಲಗಳ ಉಪಮಾನವನ್ನು ತೆಗೆದುಕೊಳ್ಳಲಿಲ್ಲ. ಸಾಸಿವೆಯ ಕಾಳು, ಹಿಟ್ಟಿನಲ್ಲಿ ಬೆರೆಸಿದ ಹುಳಿ, ಕಳೆದ ನಾಣ್ಯಕ್ಕಾಗಿ ಮನೆ ಗುಡಿಸುವ ಹೆಂಗಸು, ಇಂಥವುಗಳನ್ನು ತೆಗೆದುಕೊಂಡನು. ಶಿಲುಬೆಯ ಮೇಲೆ ಪಿಲಾತನು ಹಾಕಿಸಿದ ಹಲಗೆಯಲ್ಲಿ ಆತನನ್ನು ಯೆಹೂದ್ಯರ ಅರಸನೆಂದು ಇಬ್ರಿಯ, ಲತೀನ್, ಗ್ರೀಕ್ ಎಂಬ ಮೂರು ಭಾಷೆಗಳಲ್ಲಿ ಬರೆದಿತ್ತೆಂದು ಯೋಹಾನನು ಹೇಳುತ್ತಾನೆ. ಅಣಕಕ್ಕೆಂದು ಬರೆದ ಬಿರುದನ್ನೇ ಭಕ್ತರು ನಿಜವೆಂದು ಓದಿದರು. ಯೋಹಾನನ ಸುವಾರ್ತೆಯಲ್ಲಂತೂ ಶಿಲುಬೆಗೇರುವ ಗಳಿಗೆಯೇ ಮಹಿಮೆಯ ಗಳಿಗೆ. ಮೋಶೆ ಮಹಿಮೆಯನ್ನು ಕೇಳಿದಾಗ ಬಂದ ಉತ್ತರ ಇಲ್ಲಿ ಕೊನೆಮುಟ್ಟಿತೆಂದು ಕ್ರೈಸ್ತರು ತಿಳಿಯುತ್ತಾರೆ.

ರೋಮಿನ ಚಕ್ರವರ್ತಿಗೂ 'ಕೂರಿಯೊಸ್' ಎಂಬ ಬಿರುದು ಸಲ್ಲುತ್ತಿತ್ತು. ಆದಕಾರಣ ಯೇಸುವೇ ಒಡೆಯನೆಂಬ ಎರಡು ಮಾತಿನ ವಾಕ್ಯವು ಪ್ರಾಣಸಂಕಟದ್ದಾಯಿತು. ಕ್ರಿ. ಶ. ೧೧೨ರ ಸುಮಾರಿಗೆ ಪ್ಲಿನಿ ಎಂಬ ಅಧಿಕಾರಿ ಚಕ್ರವರ್ತಿ ತ್ರಾಜನನಿಗೆ ಬರೆದ ಕಾಗದ ಉಳಿದಿದೆ. ಕ್ರೈಸ್ತರು ಗೊತ್ತಾದ ದಿನ ಬೆಳಗು ಹರಿಯುವ ಮೊದಲೇ ಕೂಡಿ ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆಂದೂ, ಆರೋಪ ಹೊತ್ತವರನ್ನು ಚಕ್ರವರ್ತಿಯ ವಿಗ್ರಹದೆದುರು ಧೂಪ ಹಾಕಿಸಿ ತಾನು ಪರೀಕ್ಷಿಸುತ್ತೇನೆಂದೂ ಆತನು ತಿಳಿಸುತ್ತಾನೆ. ಸ್ಮುರ್ನದ ವೃದ್ಧ ಬಿಷಪ್ ಪಾಲಿಕಾರ್ಪನು, ಎಂಬತ್ತಾರು ವರ್ಷ ಸೇವೆಮಾಡಿದ ಅರಸನನ್ನು ದೂಷಿಸಲಾರೆನೆಂದು ಹೇಳಿ, ೧೫೫ರ ಸುಮಾರಿಗೆ ಬೆಂಕಿಗೆ ಗುರಿಯಾದನು. ಪತ್ಮೊಸ್ ದ್ವೀಪದಲ್ಲಿದ್ದ ಯೋಹಾನನ ಪ್ರಕಟಣೆಯ ಗ್ರಂಥದಲ್ಲಿ ಸಿಂಹಾಸನದ ನಡುವೆ ಕಾಣುವುದು ಕೊಯ್ಯಲ್ಪಟ್ಟ ಕುರಿಮರಿ. ಅದರೆದುರು ನಿಲ್ಲುವವರು ಸಕಲ ಜನಾಂಗ, ಕುಲ, ಭಾಷೆಗಳವರು. ಆ ದರ್ಶನದಲ್ಲಿ ಯಾರ ಭಾಷೆಯೂ ಅಳಿದುಹೋಗಿಲ್ಲವೆಂಬುದನ್ನು ಗಮನಿಸಬೇಕು.

೬

ಆರಾಧನೆಯೇ ಗ್ರಂಥವನ್ನು ತಿದ್ದಿದ ಒಂದು ಪ್ರಸಂಗವುಂಟು. ಯೇಸು ಕಲಿಸಿದ ಪ್ರಾರ್ಥನೆಯ ಕೊನೆಗೆ ರಾಜ್ಯ, ಬಲ, ಮಹಿಮೆಗಳು ದೇವರವೇ ಎಂದು ಒಪ್ಪಿಕೊಳ್ಳುವ ಸಾಲನ್ನು ಅನೇಕರು ಬಲ್ಲರು. ಸೀನಾಯಿಯ ಪ್ರತಿ, ವಾಟಿಕನ್ ಪ್ರತಿ ಎಂಬ ನಾಲ್ಕನೆಯ ಶತಮಾನದ ಹಸ್ತಪ್ರತಿಗಳಲ್ಲಿ ಆ ಸಾಲು ಇಲ್ಲ. ಆದರೆ 'ದಿದಖೆ' ಎಂಬ ಅತಿ ಹಳೆಯ ಸಭಾಕೈಪಿಡಿಯಲ್ಲಿ ಬಲ ಮಹಿಮೆಗಳನ್ನು ಹೇಳುವ ಅದರ ಚಿಕ್ಕ ರೂಪವಿದೆ. ಜನರು ಪ್ರಾರ್ಥನೆಯ ಕೊನೆಗೆ ಹೇಳುತ್ತ ಬಂದ ಸ್ತುತಿಯು ಕ್ರಮೇಣ ಪುಟದೊಳಕ್ಕೆ ಸೇರಿತೆಂದು ವಿದ್ವಾಂಸರ ಮತ. ಪಂಡಿತರ ಲೇಖನಿಗಿಂತ ಜನರ ಬಾಯಿಯೇ ಬಲವಾದದ್ದಕ್ಕೆ ಇದು ದೃಷ್ಟಾಂತ.

೩೧೩ರಲ್ಲಿ ಕಾನ್‌ಸ್ಟಂಟೈನನ ಕಾಲಕ್ಕೆ ಹಿಂಸೆ ನಿಂತಿತು. ಬೇರೊಂದು ಅಪಾಯ ತೊಡಗಿತು. ಒಡ್ಡೋಲಗದ ಧೂಪ, ದೀಪ, ಮೆರವಣಿಗೆಗಳು ಆರಾಧನೆಗೆ ಬಂದವು. ಗೋಪುರದ ಒಳಮೈಯಲ್ಲಿ ಕ್ರಿಸ್ತನು ಚಕ್ರವರ್ತಿಯಂತೆ ಚಿತ್ರಿತನಾದನು. ಸೊಬಗು ಹೆಚ್ಚಿತು, ಅರಸರಿಗೆ ಆಸೆಯೂ ಹೆಚ್ಚಿತು. ದೇವರ ಮಹಿಮೆಗಾಗಿ ಎಂದು ಹೇಳಿಕೊಂಡೇ ೧೦೯೯ರಲ್ಲಿ ಯೆರೂಸಲೇಮಿನ ಬೀದಿಗಳಲ್ಲಿ ರಕ್ತ ಹರಿಸಿದರು. ದೇವದತ್ತವಾದ ಹಕ್ಕೆಂದು ದೊರೆಗಳು ಪ್ರಜೆಗಳನ್ನು ತುಳಿದರು. ಇದನ್ನು ಮರೆಮಾಡಿದರೆ ಚರಿತ್ರೆಗೆ ಅಪಚಾರ. ಆದರೆ ಎಲೀಯನ ಪರಂಪರೆಯೂ ನಿಲ್ಲಲಿಲ್ಲ. ೩೯೦ರಲ್ಲಿ ಥೆಸಲೊನೀಕದಲ್ಲಿ ನರಹತ್ಯೆ ನಡೆಸಿದ ಚಕ್ರವರ್ತಿ ಥಿಯೋಡೋಸಿಯಸನು ಪಶ್ಚಾತ್ತಾಪ ಪಡುವ ತನಕ ಮಿಲಾನಿನ ಬಿಷಪ್ ಆಂಬ್ರೋಸನು ಅವನಿಗೆ ಪ್ರಭುಭೋಜನವನ್ನು ಕೊಡಲಿಲ್ಲ. ೧೯೩೪ರಲ್ಲಿ ಹಿಟ್ಲರನ ಆಳಿಕೆಯ ಜರ್ಮನಿಯಲ್ಲಿ, ಬಾರ್ಮೆನ್ ಎಂಬಲ್ಲಿ ಕೂಡಿದ ಪ್ರಾಟೆಸ್ಟೆಂಟ್ ಸಭೆಗಳ ಪ್ರತಿನಿಧಿಗಳು, ಬಾಳಿನ ಯಾವ ಭಾಗದಲ್ಲಿಯೂ ಕ್ರಿಸ್ತನನ್ನು ಬಿಟ್ಟು ಬೇರೊಬ್ಬ ಒಡೆಯನನ್ನು ಒಪ್ಪೆವೆಂದು ಘೋಷಿಸಿದರು. ಅದರ ಬಹುಭಾಗವನ್ನು ಬರೆದವರು ಕಾರ್ಲ್ ಬಾರ್ತ್.

೭

ಈ ಮಾತುಗಳು ಕನ್ನಡಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದರು. ಅವರೂ ವಿಲಿಯಂ ರೀವರೂ ದುಡಿದು, ಮುನ್ಷಿಗಳ ನೆರವಿನಿಂದ, ೧೮೩೦ರ ದಶಕದ ಆರಂಭದೊಳಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಲ್ಲಿ ಮೋಗ್ಲಿಂಗ್, ವೈಗ್ಲೆ ಮೊದಲಾದವರು ಭಾಷೆಯ ಪರಿಷ್ಕರಣಕ್ಕೆ ಕೈಹಾಕಿದರು, ಕನ್ನಡದಲ್ಲಿ ಕೀರ್ತನೆಗಳನ್ನು ರಚಿಸಿದರು.

ಅವರೆದುರಿಗಿದ್ದ ತೊಡಕು ಅಲೆಕ್ಸಾಂಡ್ರಿಯದವರದೇ. ಕೂರಿಯೊಸ್ ಶಬ್ದಕ್ಕೆ ಕನ್ನಡವೇನು? ಅವರು 'ಕರ್ತ' ಎಂದರು. ಮಾಡುವವನೆಂಬುದು ಅದರ ಮೊದಲ ಅರ್ಥ. ಮೈಸೂರಿನ ಅರಸರನ್ನು ಕರ್ತರೆನ್ನುವ ವಾಡಿಕೆಯೂ ನಾಡಿನಲ್ಲಿತ್ತು. ಸೃಷ್ಟಿಸಿದವನೂ ಆಳುವವನೂ ಒಂದೇ ಮಾತಿನಲ್ಲಿ ಅಡಗಿದರು. ಗ್ರೀಕಿನಲ್ಲಿಲ್ಲದ ಲಾಭ ಕನ್ನಡಕ್ಕೆ ದೊರೆಯಿತು. ಕಾವೋದ್ ಶಬ್ದಕ್ಕೆ ಮಹಿಮೆ, ಘನ, ಪ್ರಭಾವ ಎಂಬ ಮಾತುಗಳು ಸಂದರ್ಭ ನೋಡಿ ಬಂದವು. ಪುರಾಣಗಳಲ್ಲಿ, ದಾಸರ ಪದಗಳಲ್ಲಿ, ಶರಣರ ವಚನಗಳಲ್ಲಿ ಬಾಳಿದ ಮಾತುಗಳೇ ಇವು. ಹೊಸ ಅತಿಥಿಗೆ ಮನೆಯವರು ಹಳೆಯ ಮಣೆಯನ್ನೇ ಹಾಕಿದಂತಾಯಿತು.

ಈ ಕೆಲಸವು ಕನ್ನಡಕ್ಕೆ ತಂದ ಫಲಗಳನ್ನು ನಾವೆಲ್ಲರೂ ಉಣ್ಣುತ್ತಿದ್ದೇವೆ. ೧೮೪೩ರ ಮಂಗಳೂರ ಸಮಾಚಾರ ಮೋಗ್ಲಿಂಗರದು. ಕ್ರಿಸ್ತನ ಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ೧೮೬೨ರಲ್ಲಿ ಹಾಡಿದ ಕಿಟ್ಟೆಲರೇ ಕೇಶಿರಾಜ, ನಾಗವರ್ಮರನ್ನು ಸಂಪಾದಿಸಿ, ೧೮೯೪ರಲ್ಲಿ ಮಹಾಕೋಶವನ್ನು ಕೊಟ್ಟರು. ಬಾಸೆಲ್ ಮಿಷನ್ ಸಭೆಯ ಪಾದ್ರಿಗಳಾದ ಉತ್ತಂಗಿ ಚೆನ್ನಪ್ಪನವರು ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿ ೧೯೨೪ರಲ್ಲಿ ಪ್ರಕಟಿಸಿದರು. ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ದೇವರ ಒಡೆತನಕ್ಕೆ ಗಡಿಯಿಲ್ಲವೆಂದು ಸಾರುವವನಿಗೆ ಸರ್ವಜ್ಞನೇಕೆ ಪರಕೀಯನಾದಾನು? ಕಥೋಲಿಕ ಸಭೆಯಲ್ಲಾದರೋ ಪೂಜೆಯು ಬಹುಕಾಲ ಲತೀನಿನಲ್ಲಿಯೇ ನಡೆಯಿತು. ಎರಡನೆಯ ವಾಟಿಕನ್ ಮಹಾಸಭೆಯು ೧೯೬೩ರ ಡಿಸೆಂಬರ್ ೪ರಂದು ದೇಶಭಾಷೆಗಳಿಗೆ ಬಾಗಿಲು ತೆರೆದ ಮೇಲೆ ಕನ್ನಡವೂ ಬಲಿಪೀಠದ ಬಳಿಗೆ ಹೋಯಿತು.

ಇಷ್ಟು ದೂರ ಬಂದ ಕಥೆಯಿಂದ ನಾವು ತಿಳಿಯಬೇಕಾದ್ದೇನು? ಭಾರವೆಂಬ ಒಂದು ಮಾತು ಬೆಟ್ಟದಿಂದ ದೇವಾಲಯಕ್ಕೆ, ದೇವಾಲಯದಿಂದ ಬಾಬೆಲಿನ ಕಾಲುವೆಗೆ, ಅಲೆಕ್ಸಾಂಡ್ರಿಯದ ಓದಿನ ಮನೆಗೆ, ರೋಮಿನ ಸೆರೆಮನೆಗೆ, ಕೊನೆಗೆ ಬಳ್ಳಾರಿ ಮಂಗಳೂರುಗಳ ಅಚ್ಚುಮೊಳೆಗೆ ಬಂದಿತು. ಹೋದಲ್ಲೆಲ್ಲ ಅಲ್ಲಿನ ನುಡಿಯನ್ನು ಉಟ್ಟಿತು; ತೂಕವನ್ನು ಮಾತ್ರ ಬಿಡಲಿಲ್ಲ. ಅದನ್ನು ಹೊತ್ತವರಲ್ಲಿ ಅರಸರು ಕೆಲವರು, ಊರು ಬಿಟ್ಟ ಸಾಮಾನ್ಯರು ಹಲವರು. ಅವರು ಎರಡು ಕೆಲಸ ಮಾಡಿದರು: ಇದ್ದ ಪಟ್ಟಣದ ಕ್ಷೇಮವನ್ನು ಬಯಸಿದರು, ಮಕ್ಕಳ ಬಾಯಲ್ಲಿ ತಮ್ಮ ಹಾಡನ್ನು ಉಳಿಸಿದರು.

ನಮ್ಮ ನಮ್ಮ ದೇವರ ಕೋಣೆಗಳಲ್ಲಿ, ಸಂಘದ ಪ್ರಾರ್ಥನೆಯಲ್ಲಿ, ಚರ್ಚಿನ ಕನ್ನಡ ಆರಾಧನೆಯಲ್ಲಿ, ದಿನಕ್ಕೊಮ್ಮೆಯಾದರೂ ಕನ್ನಡದ ಒಂದು ಸ್ತುತಿ ಮಕ್ಕಳ ಕಿವಿಗೆ ಬೀಳಲಿ. ಬಂದ ಊರಿನ ಒಳಿತಿಗೂ ಅದೇ ಬಾಯಿಂದ ಹಾರೈಸೋಣ. ನಾಡಹಬ್ಬದ ದಿನ ಹೊರನಾಡಿನವರಿಗೆ ಇದಕ್ಕಿಂತ ಮಿಗಿಲಾದ ಸಂಕಲ್ಪ ಬೇಡ.